ಗೋಡೆಗೊತ್ತಿದ ಬೀಸುವ ಕಲ್ಲು

ಆಗಷ್ಟೇ ಬೀಸಿದ ರಾಗಿಹಿಟ್ಟಿನ ಬೆಚ್ಚನೆಯ ವಾಸನೆ ಎಂದರೆ ಮುತ್ತಮ್ಮನಿಗೆ ಅವ್ವ. ತರೀಕೆರೆ ಕಡೆಯ ಆ ಮನೆಯಲ್ಲಿ ಅವ್ವನಿಗೂ ಇರುಳು ನಿದ್ದೆ ಹತ್ತುತ್ತಿರಲಿಲ್ಲ. ಊರು ಮಲಗಿದ ಮೇಲೆ ಬೀಸುತ್ತಾ ಕೂತು, ಬೆಳಕು ಹರಿದಾಗ ಕಣ್ಣು ಮುಚ್ಚುತ್ತಿದ್ದಳು. ಮಗಳಿಗೂ ಅದೇ ಕಣ್ಣು ಬಂದಿತ್ತು.

ಅವ್ವನನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ಕಳಸದ ಹತ್ತಿರ ಬಿಳಿ ದೊರೆಯ ತೋಟಕ್ಕೆ ಕಾಫಿಹಣ್ಣು ಕುಯ್ಯಲು ಬಂದ ಮುತ್ತಮ್ಮ ಮಾತ್ರ ನಸುಕಿನ ಗಂಟೆಗೆ ಎದ್ದು ಹಾಜರಿಗೆ ನಿಲ್ಲಬೇಕಿತ್ತು. ಗಂಟೆ ಹೊಡೆಯುವವನು ಮೇಸ್ತ್ರಿ ಬೊಮ್ಮಯ್ಯ. ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಅವನ ಮನೆಗೂ ಅವಳ ಕೋಣೆಗೂ ನಡುವೆ ಒಂದೇ ಗೋಡೆ. ಒಂದು ದಿನ ಅವಳು ಏಳಲಿಲ್ಲವೆಂದು ಚಾಪೆ ಸಮೇತ ಅಂಗಳಕ್ಕೆ ಎಳೆಸಿ, ಎಲ್ಲರೆದುರು ತಲೆಯ ಮೇಲೆ ಒಂದು ಕೊಡ ನೀರು ಸುರಿದ. ಧನುರ್ಮಾಸದ ಚಳಿ. ಅವಳು ನಡುಗುತ್ತಿದ್ದರೆ ಜನ ನಕ್ಕರು.

"ರಾತ್ರಿ ನಿದ್ದೆ ಬರಲ್ಲ ಅಂತೀಯಲ್ಲೇ ಗೂಬೆ, ರಾಗಿ ಬೀಸು ಹೋಗು," ಅಂದ.

ಅವನನ್ನೂ ಅದೇ ಅಂಗಳದಲ್ಲಿ ಹಾಗೇ ನಿಲ್ಲಿಸದಿದ್ದರೆ ತಾನು ಅವ್ವನ ಮಗಳೇ ಅಲ್ಲ ಎಂದುಕೊಂಡಳು.

ಅಂದೇ ಬೀಸುವ ಕಲ್ಲನ್ನು ಆ ಗೋಡೆಗೆ ಒತ್ತಿ ಇಟ್ಟಳು. ಬೀಸುವ ಹೆಂಗಸನ್ನು ಕಲ್ಲಿನ ಮುಂದಿನಿಂದ ಎಬ್ಬಿಸಿದರೆ ಮನೆಗೆ ಕೇಡು ಎಂದು ಅವಳ ಊರ ಕಡೆಯವರು ಹೆದರುತ್ತಿದ್ದರು. ಬೊಮ್ಮಯ್ಯನೂ ಆ ಕಡೆಯವನೇ. ಎರಡನೇ ರಾತ್ರಿ ಬಾಗಿಲಿಗೆ ಬಂದು ಹಲ್ಲು ಕಡಿದ. ಅವಳು ಕಲ್ಲು ನಿಲ್ಲಿಸಲಿಲ್ಲ.

"ನೀವೇ ಹೇಳಿದ್ರಲ್ಲ ಮೇಸ್ತ್ರಿಗಳೇ."

ಇರುಳಿಡೀ ಬೀಸಿ, ಮಲಗದೆ ನೇರ ಹಾಜರಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಉಳಿದವರು ಬುತ್ತಿ ಬಿಚ್ಚುವಾಗ ಗಿಡದ ಬುಡದಲ್ಲಿ ಉರುಳಿಕೊಳ್ಳುತ್ತಿದ್ದಳು. ರಾಗಿ ಮುಗಿದ ದಿನ ಮಾತ್ರ ಚಿಂತೆಯಾಯಿತು. ಸಂಜೆ ಬಂದು ನೋಡಿದರೆ ಹೊಸ್ತಿಲಲ್ಲಿ ಅದೇ ಲೈನಿನ ಹುಚ್ಚಮ್ಮನ ಮೊರ, ಅದರ ತುಂಬ ರಾಗಿ. ಮರುದಿನ ಇನ್ನೂ ಕೆಲವು ಮನೆಯವು. ಅಂದು ನಕ್ಕವರೇ ತಂದಿಟ್ಟಿದ್ದರು.

ದೊರೆ ಕುದುರೆಯೇರಿ ಬಂದ ಬೆಳಿಗ್ಗೆ ಗಂಟೆಯೇ ಹೊಡೆಯಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಗಂಗಾಧರಪ್ಪನವರು, ಕಲ್ಲಿನ ಸದ್ದಿಗೆ ನಿದ್ದೆಗೆಟ್ಟು ನಸುಕಿಗೆ ಒರಗಿದ್ದ ಮೇಸ್ತ್ರಿಯನ್ನು ಅಲುಗಿಸಿ ಅಲುಗಿಸಿ ಸೋತು ಬಂದರು. ಮುತ್ತಮ್ಮ ಸೆರಗು ಹೊದ್ದು ಮೆಲ್ಲಗೆ ಅಂದಳು: "ತಲೆ ಮೇಲೆ ಒಂದು ಕೊಡ ನೀರು ಹಾಕ್ಸಿ ಬುದ್ದಿ. ಮೇಸ್ತ್ರಿಗಳೇ ಕಲ್ಸಿದ ಮದ್ದು."

ಹಾಕಿಸಿದರು. ಬೊಮ್ಮಯ್ಯ ತೊಟ್ಟಿಕ್ಕುತ್ತಾ ಬಂದು ಅಂಗಳದಲ್ಲಿ ನಿಂತ. ಇನ್ನು ಮೇಲೆ ಗಂಟೆ ಹೊಡೆಯುವ ಕೆಲಸ ಕೂಲಿಯಾಳು ರೇವಣ್ಣನದು ಎಂದು ದೊರೆ ಕುದುರೆಯ ಮೇಲಿಂದಲೇ ಹೇಳಿಬಿಟ್ಟ. ಮೇಸ್ತ್ರಿಯ ಹಲ್ಲು ಕಟಕಟ ಅನ್ನುವುದನ್ನು ಕೇಳಲೆಂದೇ ಮುತ್ತಮ್ಮ ಹತ್ತಿರ ಸರಿದಳು. ಬೆಲ್ಲ ಮೆದ್ದ ಹಾಗಾಯಿತು. ಸಾಲದು, ಇವತ್ತೂ ಬೀಸುತ್ತೇನೆ ಎಂದುಕೊಂಡಳು.

ಮಧ್ಯಾಹ್ನ ಮಲಗಲು ನೆರಳು ಹುಡುಕುತ್ತಿದ್ದಾಗ ಮೇಸ್ತ್ರಿಯ ಹೆಂಡತಿ ಅಣ್ಣಮ್ಮ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಬಂದಳು. ಅವಳ ಕಣ್ಣುಗಳು ಕೆಂಪಗೆ ಉರಿಯುತ್ತಿದ್ದವು. ಆ ಗೋಡೆಯಾಚೆ ಇವಳೂ ಈ ಕೂಸೂ ಮಲಗುತ್ತಿದ್ದರೆಂಬುದು ಮುತ್ತಮ್ಮನಿಗೆ ಆಗ ಹೊಳೆಯಿತು. ಆದರೂ ಬೈಗುಳಕ್ಕೆ ಕಾದಳು. ತಿರುಗಿ ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ದಿನಾ ಉಣ್ಣದೇ ಮಲಗ್ತೀಯ," ಅಂದಳು ಅಣ್ಣಮ್ಮ. ಸೆರಗಿನೊಳಗಿಂದ ಬಾಳೆಲೆಯಲ್ಲಿ ಸುತ್ತಿದ ರೊಟ್ಟಿ, ಪಲ್ಯ ತೆಗೆದು ಅವಳ ಕೈಯಲ್ಲಿಟ್ಟಳು.