ಕುರ್ಚಿಯ ಕೆಳಗಿನ ಕೈ

ಬೆತ್ತದ ಕುರ್ಚಿ ಹೆಣೆಯುವುದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬ ಮೇಲೆ ಕುಳಿತು ತೂತಿನೊಳಗೆ ಎಳೆಯನ್ನು ಇಳಿಸಬೇಕು. ಇನ್ನೊಬ್ಬ ಕೆಳಗೆ ಕುಳಿತು ಅದನ್ನು ಬಿಗಿಯಾಗಿ ಜಗ್ಗಿ ಪಕ್ಕದ ತೂತಿನಿಂದ ಮೇಲಕ್ಕೆ ಕೊಡಬೇಕು. ಯಜಮಾನರ ಅಂಗಡಿಯಲ್ಲಿ ಮೇಲಿನ ಕೈ ಅವರದು, ಕೆಳಗಿನ ಕೈ ಅಳಿಯನದು.

ಅಳಿಯ ಅಮೆರಿಕದವನು. ಮುರಿದ ಕುರ್ಚಿಯೊಂದನ್ನು ಹೊತ್ತು ರಿಪೇರಿಗೆಂದು ಬಂದವನು. ಕುರ್ಚಿ ನೆಟ್ಟಗಾದ ಮೇಲೂ ದಿನಾ ಬರತೊಡಗಿದಾಗಲೇ ಯಜಮಾನರಿಗೆ ವಾಸನೆ ಹೊಡೆದಿತ್ತು. ಮಗಳು ಒಪ್ಪಿದಳು, ಮದುವೆಯಾಯಿತು, ಹೆಣ್ಣುಮಗುವೊಂದು ಹುಟ್ಟಿ ಶಾಲೆಗೂ ಹೋಗತೊಡಗಿತು. ಈಗ ಯಜಮಾನರ ಆ ಮಗಳೇ ಇಲ್ಲ. ಜ್ವರವೆಂದು ಮಲಗಿದವಳು ಏಳಲಿಲ್ಲ. ಕೊಟ್ಟವನೇ ತೆಗೆದುಕೊಂಡ ಎಂದು ಯಜಮಾನರು ಎರಡು ಹೊತ್ತೂ ದೇವರ ಮುಂದೆ ಹೇಳಿಕೊಳ್ಳುತ್ತಿದ್ದರು. ಹೇಳುವಾಗ ನಾಲಗೆ ಮಾತ್ರ ಆಡುತ್ತಿತ್ತು.

ಉಳಿದವಳು ಮೊಮ್ಮಗಳೊಬ್ಬಳು. ಅಪ್ಪ ಹೊರಟರೆ ಅವಳೂ ಹೊರಟಂತೆ. ಅಪ್ಪ ಹೊರಡುತ್ತಾನೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಯಜಮಾನರ ತಂಗಿಗಂತೂ ಇಲ್ಲವೇ ಇಲ್ಲ. ಆಕೆ ಅಮೆರಿಕ ಕಂಡವಳಲ್ಲ, ಟಿವಿ ಕಂಡವಳು. ಆ ಜನಕ್ಕೆ ಮೀಸೆ ಮೂಡಿದರೆ ಹೆತ್ತವರು ಬೇಡ, ಹೆಂಡತಿ ಸತ್ತರೆ ಹಾಸಿಗೆ ತಣ್ಣಗಾಗುವ ಮುನ್ನ ಇನ್ನೊಬ್ಬಳು ಎಂದು ಅಕ್ಕಪಕ್ಕದವರಿಗೆಲ್ಲ ಸಾರಿಕೊಂಡು ಬಂದಿದ್ದಳು. "ಅವರ ಕಡೆ ಕುರ್ಚಿ ಮುರಿದ್ರೆ ಕುರ್ಚಿ ಬಿಸಾಡ್ತಾರೆ, ನಂಟು ಮುರಿದ್ರೆ ನಂಟು ಬಿಸಾಡ್ತಾರೆ. ರಿಪೇರಿ ಅನ್ನೋದೇ ಅಲ್ಲಿಲ್ಲ ಅಣ್ಣ," ಎನ್ನುವಳು. ಆ ಅಮೆರಿಕದವನು ಇಷ್ಟು ವರ್ಷ ರಿಪೇರಿ ಅಂಗಡಿಯಲ್ಲೇ ಬೆನ್ನು ಬಗ್ಗಿಸಿದ್ದು ಆಕೆಯ ಕಣ್ಣಿಗೆ ಬಿದ್ದಿರಲಿಲ್ಲ. ಕುರ್ಚಿಗೆ ಪಾಲಿಶ್ ಹಾಕುವವನದು ಇನ್ನೊಂದು ವರಾತ. ಮಣ್ಣು ಮಾಡಿದ ದಿನವೂ ಅಳಿಯ ಬಂದವರಿಗೆಲ್ಲ ನಗುಮುಖದಿಂದ ಕೈ ಕುಲುಕಿದನಂತೆ, ಹಲ್ಲು ಒಣಗಿಸಿಕೊಳ್ಳಲು ಬಿಸಿಲಿಗೆ ನಿಂತವನ ಹಾಗೆ.

ಯಜಮಾನರು ಇದನ್ನೆಲ್ಲ ನಂಬಿದರೆಂದಲ್ಲ. ಬಾಯಿ ಮುಚ್ಚಿರೆಂದು ಗದರಲೂ ಇಲ್ಲ. ಕೇಳಿ ಕೇಳಿ ಕಿವಿಗೆ ರೂಢಿಯಾಯಿತು, ಕಿವಿಯದು ಮನಸ್ಸಿಗಿಳಿಯಿತು. ಒಂದು ಸಂಜೆ ಅಳಿಯ ಫೋನಿನಲ್ಲಿ ತನ್ನ ಅಣ್ಣನೊಡನೆ ಬಹಳ ಹೊತ್ತು ಮಾತಾಡಿದ. ಸರಿ, ತೀರ್ಮಾನವಾಯಿತು, ತನಗೆ ಹೇಳಲಾರದೆ ಒಳಗೊಳಗೇ ಒದ್ದಾಡುತ್ತಿದ್ದಾನೆ ಎಂದುಕೊಂಡರು.

ಆ ಅಂಗಡಿಯಲ್ಲಿ ಒಂದು ಪದ್ಧತಿಯಿತ್ತು. ಕೆಲಸಗಾರ ಬಿಟ್ಟು ಹೋಗುವಾಗ ಯಜಮಾನನೇ ಅವನ ಉಳಿ, ದಬ್ಬಳ, ಚಾಕುಗಳಿಗೆ ಎಣ್ಣೆ ಹಚ್ಚಿ, ಹೊಸ ಬಟ್ಟೆಯಲ್ಲಿ ಕಟ್ಟಿ, ಅವನ ಮಣೆಯ ಮೇಲಿಡುವುದು. ಇಟ್ಟ ಮೇಲೆ ಮಾತಿಲ್ಲ ಕಥೆಯಿಲ್ಲ. ಹರಸಿ ಕಳಿಸಿದ ಲೆಕ್ಕ. ಮರುದಿನ ಬೆಳಿಗ್ಗೆ ಯಜಮಾನರು ಅಳಿಯನ ಗಂಟು ಕಟ್ಟಿಟ್ಟರು. ಅಪ್ಪಣೆ ಕೇಳುವ ಸಂಕಟ ಅವನಿಗೆ ಬೇಡ, ಹರಸಿ ಕಳಿಸಿದರೆ ಮಗುವನ್ನು ಆಗಾಗ ಕರೆತಂದು ತೋರಿಸಿಯಾನು ಎಂಬುದೊಂದೇ ಆಸೆ.

ಅಳಿಯ ಬಂದು ಗಂಟನ್ನು ನೋಡಿದ. ಹೊಸ ಬಟ್ಟೆಯ ಮೇಲೆ ಬೆರಳಾಡಿಸಿದ. ಆಮೇಲೆ ಎರಡೂ ಕೈಯಿಂದ ಎತ್ತಿಕೊಂಡು, "ಆಯ್ತು ಮಾವ," ಎಂದು ನಕ್ಕ. ಬಾಗಿಲಲ್ಲಿದ್ದ ತಂಗಿ, ನೋಡಿದೆಯಾ ಎಂಬಂತೆ ಅಣ್ಣನತ್ತ ಹುಬ್ಬು ಹಾರಿಸಿದಳು.

ಹೊರಡುವ ದಿನ ಕಾರು ಬಂದು ನಿಂತಾಗ ಮೊಮ್ಮಗಳು ತಾತನ ಕೈ ಹಿಡಿದುಕೊಂಡಳು.

"ತಾತ, ನಾವೇನು ತಪ್ಪು ಮಾಡಿದ್ವಿ? ಗಂಟು ಕಟ್ಟಿಟ್ಟ ಮೇಲೆ ಇರಬಾರದಂತೆ, ಅಪ್ಪ ಹೇಳಿದ್ರು."

ಯಜಮಾನರು ಅವಳ ಕೈ ಹಿಡಿದೇ ಪೆಟ್ಟಿಗೆ ಎತ್ತುತ್ತಿದ್ದ ಅಳಿಯನ ಬಳಿ ಹೋದರು.

"ನೀನೇ ಹೋಗಬೇಕು ಅಂತಿದ್ದೆ ಅಲ್ಲವೇನಪ್ಪಾ?"

"ಯಾರು ಹೇಳಿದ್ರು ಮಾವ?"

ಯಜಮಾನರು ನೆನೆದು ನೋಡಿದರು. ಎಲ್ಲರೂ ಹೇಳಿದ್ದರು; ಅವನೊಬ್ಬ ಹೇಳಿರಲಿಲ್ಲ. ಫೋನಿನ ಮಾತೆತ್ತಿದರು. ಅಣ್ಣನನ್ನು ಇಲ್ಲಿಗೆ ಬಂದು ನಾಲ್ಕು ದಿನ ನನ್ನ ಜೊತೆ ಇರು ಎಂದು ಕರೆಯುತ್ತಿದ್ದೆ ಎಂದ ಅಳಿಯ.

"ನಿಮ್ಮ ಜನ ಹಾಗೇ ಅಂತ..." ಎಂದು ತೊಡಗಿದರು ಯಜಮಾನರು.

"ನನ್ನ ಜನ ಈ ಮನೇಲಿದ್ದಾರೆ ಅಂದ್ಕೊಂಡಿದ್ದೆ ಮಾವ." ಮುಖದಲ್ಲಿ ನಗೆಯಿರಲಿಲ್ಲ.

"ಹಾಗಾದ್ರೆ ಇರು. ಗಂಟು ನಾನೇ ಬಿಚ್ತೀನಿ."

ಅಳಿಯ ಪೆಟ್ಟಿಗೆಯನ್ನು ಕಾರಿನೊಳಗಿಟ್ಟ. ಯಜಮಾನರು ಕಾದರು.

"ಗಂಟು ಬಿಚ್ಚಬಹುದು. ಆದ್ರೆ ಇಷ್ಟು ವರ್ಷ ಒಂದೇ ಕುರ್ಚಿ ಹೆಣೆದ ಮೇಲೂ ನನ್ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ವಲ್ಲ ನಿಮಗೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಯಜಮಾನರು ಅವನ ಕಾಲಿಗಾದರೂ ಬೀಳಬಹುದಿತ್ತು. ಅಳಿಯ ಬಾಗಿ ಮಾವನ ಕೈಯನ್ನು ಹಣೆಗೊತ್ತಿಕೊಂಡ, ಮಗಳನ್ನು ಕಾರಿಗೆ ಹತ್ತಿಸಿದ.

"ನಾನು ಹೇಳಿರಲಿಲ್ವಾ ಅಣ್ಣ," ಎಂದಳು ತಂಗಿ, "ತಿರುಗಿ ಕೂಡ ನೋಡಲಿಲ್ಲ." ಅವನು ತಿರುಗಿ ನೋಡಿದ್ದ. ಯಜಮಾನರು ಕಂಡಿದ್ದರು.

ಅಂಗಡಿಯ ತೊಟ್ಟಿಯಲ್ಲಿ ಬೆತ್ತ ನೆನೆದಿತ್ತು. ನೆನೆದದ್ದನ್ನು ಬಿಟ್ಟರೆ ಕೆಡುತ್ತದೆ. ಯಜಮಾನರು ಅರ್ಧ ಹೆಣೆದ ಕುರ್ಚಿಯ ಮುಂದೆ ಕುಳಿತು, ದೇವರನ್ನು ನೆನೆದು, ಎಳೆಯೊಂದನ್ನು ತೂತಿನೊಳಗೆ ಇಳಿಸಿದರು. ಅಭ್ಯಾಸಬಲ, ಜಗ್ಗುವುದನ್ನು ಕಾದರು. ಎಳೆ ಕೆಳಗೆ ಜೋತುಬಿದ್ದು ನೀರು ತೊಟ್ಟಿಕ್ಕುತ್ತಿತ್ತು.