ಟವೆಲ್ಲಿನ ಕೆಳಗೆ ಎರಡು ಬೆರಳು

ತನಗೆ ಕಾನೂನು ಇಷ್ಟವೋ, ಇಲ್ಲಾ ಕಾನೂನಿನ ಪುಸ್ತಕಗಳಷ್ಟೇ ಇಷ್ಟವೋ ಎಂಬ ಅನುಮಾನವನ್ನು ಶರ್ವರಿ ತನ್ನ ದಿನಚರಿಯಲ್ಲಿ ಕೂಡ ಪೂರ್ತಿ ಬರೆದಿರಲಿಲ್ಲ. ಅರ್ಧ ವಾಕ್ಯ ಬರೆದು, ಪೆನ್ನಿನ ಮುಚ್ಚಳ ಕಚ್ಚುತ್ತ ಕೂತು, ಉಳಿದದ್ದನ್ನು ಮನಸ್ಸಿನಲ್ಲೇ ಮುಗಿಸಿದ್ದಳು: ನಾಲ್ಕು ಜನರ ಮುಂದೆ ನನ್ನ ಬಾಯಿ ಕಟ್ಟುತ್ತದೆ, ನಾನೆಂಥ ವಕೀಲಳಾದೇನು?

ಬಿ.ಎ. ಮುಗಿಸಿದ ತಿಕೋಟಾದ ಈ ಹುಡುಗಿಗೆ ಎರಡು ಕಾನೂನು ಕಾಲೇಜುಗಳಲ್ಲಿ ಸೀಟು ಸಿಕ್ಕಿತ್ತು. ಒಂದು ವಿಜಯಪುರದ್ದು, ದಿನಾ ಬಸ್ಸಿನಲ್ಲಿ ಹೋಗಿಬರಬಹುದು. ಇನ್ನೊಂದು ಧಾರವಾಡದ್ದು, ಹಾಸ್ಟೆಲಿನಲ್ಲಿರಬೇಕು. ಧಾರವಾಡದಲ್ಲಿ ಮೊದಲ ವರ್ಷದಿಂದಲೇ ಪ್ರತಿಯೊಬ್ಬರೂ ಅಣಕು ನ್ಯಾಯಾಲಯದಲ್ಲಿ ಎದ್ದು ನಿಂತು ವಾದಿಸಬೇಕು, ಯಾರಿಗೂ ವಿನಾಯಿತಿಯಿಲ್ಲ ಎಂದು, ಕಾಲೇಜು ನೋಡಲು ಹೋದಾಗ, ಅಲ್ಲಿಯ ಮೇಡಂ ಹೇಳಿದ್ದರು. ಕೇಳಿದೊಡನೆ ಅವಳ ಅಂಗೈ ಬೆವೆತಿತ್ತು. ಆದರೆ ತಿರುಗಿ ಬರುವಾಗ, ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತಾಗ, ಅಲ್ಲಿಗೇ ಹೋಗಬೇಕು ಎಂದು ಬಲವಾಗಿ ಅನಿಸಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಅಗತ್ಯವೂ ಕಾಣಲಿಲ್ಲ. "ಧಾರವಾಡನ ಛಲೋ, ನಾ ಅದೀನಲ್ಲ" ಎಂದು ಅಪ್ಪ ಶಿವಾನಂದ ಮೊದಲ ದಿನವೇ ಅಂದುಬಿಟ್ಟಿದ್ದ.

ನಾಳೆಯೊಳಗೆ ಎರಡರಲ್ಲಿ ಒಂದು ಕಡೆ ಮೂಲ ಅಂಕಪಟ್ಟಿ ಕೊಡಬೇಕಿತ್ತು. ಇವತ್ತು ಬಬಲೇಶ್ವರದ ಸಂತೆ. ಆ ಊರಿನಲ್ಲೇ ಇದ್ದ ಜಾನಕೀಬಾಯಿ, ಶರ್ವರಿಯ ತಾಯಿಯ ತಾಯಿ, ಮಾತು ಮುಗಿಸೋಣವೆಂದು ಎಲ್ಲರನ್ನೂ ತನ್ನ ಮನೆಗೆ ಕರೆಸಿದ್ದಳು. ಅವ್ವ ಅನುಜಾ ಚಹಾ ಮಾಡುತ್ತಿದ್ದಳು. ವಿಜಯಪುರದಲ್ಲಿ ವಕೀಲನಾಗಿದ್ದ ಸೋದರಮಾವ ಮಿಲಿಂದ, ಬಿಳಿ ಅಂಗಿಯ ತೋಳು ಮಡಚಿ, ಆಗಲೇ ವಾದಕ್ಕೆ ಕೂತಿದ್ದ.

"ಧಾರವಾಡದಾಗ ಏನ್ ಐತ್ರಿ ಭಾವಾರ? ಪೇಢೆ ಐತಿ. ಅದನ್ನ ನಾ ತರಿಸಿ ಕೊಡ್ತೀನಿ. ನನ್ನ ಆಫೀಸಿನ್ಯಾಗ ಈಕಿಗಂತನ ಖುರ್ಚಿ ಹಾಕ್ಸೀನಿ. ಕಾಲೇಜು ಮುಗಿಸಿ ಬಂದು ಬರಕೊಂತ ಕುಂದ್ರಲಿ. ವಾದ ಮಾಡಾಕ ನಾ ಇದ್ದೀನಿ. ಈಕಿ ಬಾಯಿ ತಗೀಬೇಕಂದ್ರ ಹಲ್ಲಿನ ಡಾಕ್ಟರ್ನ ಕರೀಬೇಕು!"

ಎಲ್ಲರೂ ನಕ್ಕರು. ಶರ್ವರಿಯೂ ನಕ್ಕಳು. ಆ ಖುರ್ಚಿ ಅವಳಿಗೆ ಕಣ್ಣೆದುರೇ ಕಂಡಿತು. ಗೋಡೆಗೆ ಹತ್ತಿಕೊಂಡ, ಯಾರ ಕಣ್ಣಿಗೂ ಬೀಳದ, ಬಹಳ ಸುಖದ ಖುರ್ಚಿ.

"ಪೇಢೆ ತಿಂದ್ರ ಬಾಯಿಯಾದ್ರೂ ಸಿಹಿ ಆಗ್ತೈತಿ, ವಕೀಲಸಾಹೇಬ್ರ. ಕೋರ್ಟಿನ ಚಾ ಕುಡದು ಕುಡದು ನಿಮ್ಮ ನಾಲಿಗಿ ಏನಾಗೈತಿ ನೋಡ್ಕೋರಿ" ಎಂದ ಅಪ್ಪ.

ಮಾತಿಗೆ ಮಾತು ಬೆಳೆದು ದನಿ ಏರಿತು. ಅಜ್ಜಿ ಗದರಿದಳು. "ಏ, ಓಣಿ ಮಂದಿಗೆಲ್ಲ ಕೇಳಾಕತ್ತೈತಿ. ಹೊರಗಿನ ಸಂತಿಗಿಂತ ನಿಮ್ದ ಜೋರಾತಲ್ಲ!"

"ಹಂಗಾರ ಭಾವಾರ, ನಿಮ್ಮ ಪದ್ಧತಿ ಪ್ರಕಾರ ಮುಗಸೂಣು. ಸಪ್ಪಳ ಇಲ್ಲ, ಸುದ್ದಿ ಇಲ್ಲ." ಮಾಮಾ ನಗುತ್ತ ಕೈ ಚಾಚಿದ. "ಒಂದು ಬೆರಳು ವಿಜಯಪುರ, ಎರಡು ಬೆರಳು ಧಾರವಾಡ."

ಶಿವಾನಂದ ತಿಕೋಟಾದಲ್ಲಿ ಒಣದ್ರಾಕ್ಷಿಯ ದಲಾಲ. ಅವನ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಆಡುವ ರೂಢಿಯಿಲ್ಲ. ಕೊಳ್ಳುವವನ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದು, ಬೆರಳು ಒತ್ತಿ ಒತ್ತಿ ಚೌಕಾಶಿ ನಡೆಯಬೇಕು. ಸುತ್ತ ನಿಂತವರಿಗೆ ಕಾಣುವುದು ಅಲುಗಾಡುವ ಟವೆಲ್ ಮಾತ್ರ. ಕೊನೆಗೆ ಕೈ ಬಿಟ್ಟು, ಟವೆಲ್ ಹೆಗಲಿಗೆ ಹಾಕಿಕೊಂಡು, ದಲಾಲ ಕುದುರಿದ ದರವನ್ನು ಗಟ್ಟಿಯಾಗಿ ಕೂಗಬೇಕು. ಕೂಗುವ ತನಕ ಸವದಾ, ಅಂದರೆ ವ್ಯಾಪಾರ, ಆದಂತಲ್ಲ.

ಚೇಷ್ಟೆ ಎಂದುಕೊಂಡಳು ಶರ್ವರಿ. ಅಪ್ಪನೂ ನಗುತ್ತಲೇ ಟವೆಲ್ ಹಾಸಿದ. ಆದರೆ ಕೈಗೆ ಕೈ ಸೇರಿದ ಮೇಲೆ ಇಬ್ಬರ ನಗುವೂ ಹೋಯಿತು. ಅಪ್ಪನ ಮುಖದ ಮೇಲೆ ಅಂಗಡಿಯ ಮುಖ ಬಂದು ಕೂತಿತು, ಏನೂ ಹೇಳದ ಮುಖ. ಟವೆಲ್ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ನೋಡುತ್ತ ನೋಡುತ್ತ ಅವಳಿಗೆ ಹೊಳೆಯಿತು. ನಿಜವಾಗಿಯೂ ಮಾಡುತ್ತಿದ್ದಾರೆ! ಆ ಬಟ್ಟೆಯ ಕೆಳಗೆ ಇರುವುದು ನಾನು! ಒಂದು ಮುಷ್ಟಿ ದ್ರಾಕ್ಷಿಯ ಹಾಗೆ ನಾನು ಅಲ್ಲಿದ್ದೇನೆ, ಇಲ್ಲಿ ಕೂತು ನೋಡುತ್ತಲೂ ಇದ್ದೇನೆ.

ಟವೆಲ್ ನಿಂತಿತು. ಅಪ್ಪ ಅದನ್ನೆತ್ತಿ ಎಡ ಹೆಗಲಿಗೆ ಹಾಕಿಕೊಂಡ.

ಶರ್ವರಿಯ ಕಣ್ಣು ಆ ಹೆಗಲಿನ ಮೇಲೇ ನಿಂತಿತು. ಸವದೆಯಲ್ಲಿ ಗೆದ್ದ ದಿನ ಟವೆಲ್ ಬಲ ಹೆಗಲಿಗೆ, ಬಿಟ್ಟುಕೊಟ್ಟ ದಿನ ಎಡಕ್ಕೆ. ಅಪ್ಪನಿಗೇ ತಿಳಿಯದ ಈ ಅಭ್ಯಾಸ ಸಣ್ಣಂದಿನಿಂದ ಅಂಗಡಿಯ ಮೂಲೆಯಲ್ಲಿ ಕೂತು ನೋಡಿದ ಅವಳಿಗೆ ಗೊತ್ತು. ಒಂದು ಬೆರಳು. ನಾ ಅದೀನಲ್ಲ ಎಂದಿದ್ದ ಅಪ್ಪ, ಒಂದು ಬೆರಳಿಗೆ ಒಪ್ಪಿಬಿಟ್ಟಿದ್ದ.

"ಕೂಗ್ರಿ ಮತ್ತ ಅಳಿಯಂದ್ರ, ಏನಾತು?" ಎಂದಳು ಅಜ್ಜಿ.

ಅಪ್ಪ ಕೂಗಲಿಲ್ಲ. ಮಗಳ ಕಡೆ ತಿರುಗಿ ಮೆಲ್ಲಗೆ ಅಂದ, "ಬ್ಯಾಸರ ಮಾಡ್ಕೋಬ್ಯಾಡವಾ. ಒಂದ ದಿನಾನೂ ನೀ ಧಾರವಾಡಕ್ಕ ಹೋಗ್ತೀನಿ ಅನ್ನಲಿಲ್ಲ. ನಿನಗ ಅಂಜಿಕಿ ಐತಿ ಅಂತ ನನಗ ತಿಳೀತೈತಿ. ಸುಮ್ನ ನಾನ ಜುಲುಮಿ ಮಾಡಾಕತ್ತೀನೇನೋ ಅನಸ್ತು. ನಿನ್ನ ಸಲುವಾಗಿನ ಬಿಟ್ಟೆ."

ಇದು ಮೊದಲಿನದಕ್ಕಿಂತ ದೊಡ್ಡ ಏಟು. ಅಪ್ಪ ಸೋತಿರಲಿಲ್ಲ. ಅವಳ ಮೌನವನ್ನು ಓದಿ, ಅದಕ್ಕೊಂದು ಅರ್ಥ ಕೊಟ್ಟು, ಅವಳ ಪರವಾಗಿ ಒಪ್ಪಿಕೊಂಡಿದ್ದ. ಮಾಮಾನೂ ಪ್ರೀತಿಯಿಂದಲೇ ಖುರ್ಚಿ ಹಾಕಿಸಿದ್ದ. ಇಲ್ಲಿ ಯಾರ ಮೇಲೆ ಸಿಟ್ಟಾಗಬೇಕು?

ಯಾವಾಗ ಎದ್ದಳೋ ಅವಳಿಗೇ ತಿಳಿಯಲಿಲ್ಲ. ಅಪ್ಪನ ಹೆಗಲಿನ ಟವೆಲ್ ಎಳೆದು ಅವನ ಕೈಮೇಲೆ ಹಾಸಿ, ತನ್ನ ಕೈಯನ್ನು ಅದರಡಿ ತೂರಿಸಿದಳು.

"ಅಯ್ಯ, ಇದೇನ ಬೇ!" ಅಜ್ಜಿ ಬಾಯಿಮೇಲೆ ಕೈ ಇಟ್ಟುಕೊಂಡಳು. ಆ ಬಟ್ಟೆಯಡಿ ಹೆಂಗಸಿನ ಕೈ ಹೋದದ್ದನ್ನು ಯಾರೂ ನೋಡಿರಲಿಲ್ಲ.

ಅಪ್ಪನ ಬೆರಳು ಒರಟಾಗಿದ್ದವು. ಅವಳು ಎರಡನ್ನು ಒಟ್ಟಿಗೆ ಹಿಡಿದಳು. ದಲಾಲನ ಕೈ, ರೂಢಿಯಂತೆ ಬಿಡಿಸಿಕೊಂಡು ಒಂದು ಬೆರಳು ಒತ್ತಿತು. ಅವಳು ಮತ್ತೆ ಎರಡು ಹಿಡಿದಳು, ಉಗುರು ಊರುವಷ್ಟು ಗಟ್ಟಿಯಾಗಿ. ಅಪ್ಪನ ಅಂಗಡಿಯ ಮುಖ ಕಳಚಿಬಿತ್ತು. ಅವಳನ್ನು ಹೊಸದಾಗಿ ಕಂಡವನ ಹಾಗೆ ನೋಡಿದ.

"ಏನಂತಾಳ್ರಿ ಭಾವಾರ?" ಮಾಮಾ ಕುತ್ತಿಗೆ ಚಾಚಿದ.

ಅಪ್ಪ ಬಾಯಿ ತೆರೆದವನು ಹಾಗೇ ಮುಚ್ಚಿದ. ಟವೆಲ್ಲನ್ನು ಮಡಚಿ ಅವಳ ಬಲ ಹೆಗಲಿಗೆ ಹಾಕಿದ. "ಟಾವೆಲ್ ಯಾರ ಹೆಗಲ ಮ್ಯಾಲ ಐತೋ ಅವರ ಕೂಗಬೇಕು. ನಾ ಕೂಗಾಂವಲ್ಲ. ಕೂಗವಾ."

ಅವ್ವ ಚಹಾದ ತಾಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲರ ಕಣ್ಣೂ ಶರ್ವರಿಯ ಮೇಲೆ. ಟವೆಲ್ಲಿಗೆ ಒಣದ್ರಾಕ್ಷಿಯ ವಾಸನೆಯಿತ್ತು. ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು.

"ನನಗ ಮಾತಾಡಾಕ ಭಾಳ ಅಂಜಿಕಿ ಆಗ್ತೈತಿ" ಎಂದಳು. ದನಿ ನಡುಗಿತು, ಆದರೆ ನಿಲ್ಲಲಿಲ್ಲ. "ಇಲ್ಲೇ ಇದ್ರ ನನ್ನ ಮಾತೆಲ್ಲ ನೀವ ಆಡ್ತೀರಿ. ಅದಕ್ಕ ನಾ ಧಾರವಾಡಕ್ಕ ಹೋಗ್ತೀನಿ."