ಸಲೀಸಿನ ಪೇಪರು

ನೀಲಕಂಠ ಸರ್ ಕ್ಲಾಸಿಗೆ ಬಂದವರೇ ಮೊದಲು ಕಿಟಕಿಯ ಗಾಜಿನಲ್ಲಿ ಕ್ರಾಪು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಗೈಡು ತೆಗೆದು ‘ವ್ಯಕ್ತಿತ್ವ ವಿಕಸನ’ದ ಪಾಠವನ್ನು ಅದರ ಅಚ್ಚಿನ ತಪ್ಪುಗಳ ಸಮೇತ ಓದಿ ಬರೆಸುವರು. ಅವರ ಪೇಪರು ಆರಿಸಿಕೊಂಡವರಿಗೆಲ್ಲ ತೊಂಬತ್ತರ ಮೇಲೆಯೇ ಅಂಕ. ಶಹಾಪುರದ ಆ ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ಮೊದಲ ವರ್ಷದ ಫರ್ಹತಳಿಗೆ ಆ ಮನುಷ್ಯನನ್ನು ಕಂಡರೆ ಮೈಯುರಿಯುತ್ತಿತ್ತು. ಆದರೂ ಮೊದಲನೇ ಬೆಂಚಿನಲ್ಲಿ ಕೂತು, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು. ಎರಡನೇ ವರ್ಷಕ್ಕೆ ಆಕೆ ಕಲಬುರಗಿಯ ದೊಡ್ಡ ಕಾಲೇಜಿಗೆ ಹೋಗಬೇಕಿತ್ತು. ಹೊರಗಿನಿಂದ ಬರುವವರಿಗೆ ಅಲ್ಲಿ ಬೆರಳೆಣಿಕೆಯ ಸೀಟು, ಅವೂ ಅಂಕದ ಮೇಲೆ. ಗಣಿತ, ಭೌತಶಾಸ್ತ್ರ ಬಿಡುವಂತಿರಲಿಲ್ಲ. ಆಯ್ಕೆಗೆ ಬಿಟ್ಟ ಪೇಪರು ಒಂದೇ: ಸಂಖ್ಯಾಶಾಸ್ತ್ರ, ಇಲ್ಲವೇ ನೀಲಕಂಠ ಸರ್.

ದೋರನಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದ ಗೆಳತಿ ಬಸವೇಶ್ವರಿಗೂ ಅದೇ ಕಾಲೇಜಿನ ಆಸೆ. ಆಕೆ ಮಾತ್ರ ಸಂಖ್ಯಾಶಾಸ್ತ್ರ ತೆಗೆದುಕೊಂಡಳು. ಅದನ್ನು ಕಲಿಸುತ್ತಿದ್ದ ಸಂಘಮಿತ್ರಾ ಮೇಡಂ ಅರ್ಧ ಅಂಕ ಕೊಡುವುದಕ್ಕೂ ಜೀವ ತಿನ್ನುವವರು.

“ಹುಚ್ಚಿ ಇದ್ದೀಯೇನ? ಅಲ್ಲಿ ಟೋಟಲ್ ನೋಡ್ತಾರ. ಯಾವ ಪೇಪರ್ ಅಂತ ಯಾರ್ ಕೇಳ್ತಾರ?” ಎಂದಳು ಫರ್ಹತ.

“ಮುಂದ ಅಲ್ಲಿ ಸಂಖ್ಯಾಶಾಸ್ತ್ರನೇ ಬರ್ತದಲ್ಲ, ಆಗೇನ್ ಮಾಡ್ತಿ?”

“ಮೊದ್ಲ ಒಳಗ ಹೋಗ್ಬೇಕು. ಆಮ್ಯಾಲಿಂದು ಆಮ್ಯಾಲೆ.”

ಗ್ರಂಥಾಲಯದ ಮೂಲೆಯಲ್ಲಿ ಲೆಕ್ಕ ಹೊಡೆದುಹಾಕಿ ಮತ್ತೆ ಮಾಡುತ್ತ ಕೂತ ಬಸವೇಶ್ವರಿಯನ್ನು ಕಂಡಾಗಲೆಲ್ಲ ಫರ್ಹತ ಮೂಗು ಮುರಿಯುತ್ತಿದ್ದಳು. ಒಳ್ಳೆಯವಳು ಎನಿಸಿಕೊಳ್ಳುವ ಚಟ ಇವಳಿಗೆ, ಮತ್ತೇನಲ್ಲ.

ಮೌಖಿಕ ಪರೀಕ್ಷೆಯಲ್ಲಿ ನೀಲಕಂಠ ಸರ್, “ನಿನ್ನೊಳಗಿನ ದೊಡ್ಡ ಗುಣ ಯಾವ್ದು?” ಎಂದು ಕೇಳಿದರು.

“ತಾಳ್ಮಿ ರೀ ಸರ್. ನಿಮ್ ಕ್ಲಾಸಿನ್ಯಾಗ ಕೂತು ಬಂದದ್ದರಿ.”

ಅವರ ಮುಖ ಅರಳಿತು. ಕುಟುಕಿದ್ದು ಕೂಡ ತಿಳಿಯದ ಆ ಮುಖ ನೋಡಿ ಫರ್ಹತ ಹೊರಗೆ ಬಂದು ನಕ್ಕಳು.

ಆಕೆಗೆ ತೊಂಬತ್ತಾರು ಬಂತು. ಸಂಖ್ಯಾಶಾಸ್ತ್ರದಲ್ಲಿ ಕ್ಲಾಸಿಗೇ ಮೊದಲಾದ ಬಸವೇಶ್ವರಿಗೆ ಅರವತ್ತನಾಲ್ಕು. ಉಳಿದ ವಿಷಯಗಳಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ. ಕಲಬುರಗಿಯಲ್ಲಿ ಫರ್ಹತಳಿಗೆ ಸೀಟು ಸಿಕ್ಕಿತು, ಬಸವೇಶ್ವರಿಗೆ ಸಿಗಲಿಲ್ಲ.

“ನಾ ಹೇಳಿದ್ನಿಲ್ಲ?” ಎಂದಳು ಫರ್ಹತ, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ. ಸಮಾಧಾನ ಹೇಳಲು ಬಾಯಿ ತೆರೆದರೆ ಬಂದದ್ದು ಅದೇ ಮಾತು.

ಬಸವೇಶ್ವರಿ ಅಳಲಿಲ್ಲ. “ಹೇಳಿದ್ದಿ. ನೀಲಕಂಠ ಸರ್‌ನ ಕಂಡ್ರ ನಿನಗ ಹೇಸಿಗಿ ಬರ್ತಿತ್ತಲ್ಲ? ಅವ್ರು ಪಗಾರಕ್ಕ ನಾಟಕ ಮಾಡ್ತಾರ, ನೀ ಸೀಟಿಗೆ ಮಾಡಿದಿ. ನಿಮ್ಮಿಬ್ಬರೊಳಗ ಏನ್ ಫರಕ್ ಅದ, ನನಗ ಕಾಣವಲ್ದು.”

ಹೊಟ್ಟೆಕಿಚ್ಚು ಎಂದುಕೊಂಡು ಫರ್ಹತ ಬಸ್ಸು ಹತ್ತಿದಳು. ಊರು ದಾಟಿದರೂ ಮುಖದ ಬಿಸಿ ಇಳಿಯಲಿಲ್ಲ.

ಹೊಸ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಡ್ಡಾಯ. ಉಳಿದವರೆಲ್ಲ ಅದನ್ನು ಮೊದಲ ವರ್ಷವೇ ಓದಿಕೊಂಡು ಬಂದಿದ್ದರಿಂದ ಮೇಷ್ಟ್ರು ಹಿಂದಿನದನ್ನು ಮುಟ್ಟಲೇ ಇಲ್ಲ. ಫರ್ಹತ ಹಲಗೆಯ ಮೇಲಿನದನ್ನೆಲ್ಲ ಬರೆದುಕೊಂಡಳು. ಒಂದಕ್ಷರ ತಲೆಗೆ ಹತ್ತಲಿಲ್ಲ. ಪಕ್ಕದವಳನ್ನು ಕೇಳಿದರೆ, “ಇದೂ ಗೊತ್ತಿಲ್ದ ಸೀಟ್ ಹ್ಯಾಂಗ ಸಿಕ್ತು?” ಎಂದು ಕಿಸಕ್ಕನೆ ನಕ್ಕಳು. ನೀಲಕಂಠ ಸರ್ ಮುಖ ನೋಡಿ ತಾನು ನಕ್ಕ ನಗೆಯೂ ಹೀಗೇ ಇತ್ತು.

ಕೊನೆಗೆ ಒಂದು ಸಂಜೆ ಬಸವೇಶ್ವರಿಗೆ ಫೋನು ಮಾಡಿದಳು.

“ಯಾಕ?” ಎಂದಿತು ಆ ಕಡೆಯ ದನಿ.

“ಸಂಖ್ಯಾಶಾಸ್ತ್ರ ತಿಳಿವಲ್ದು.”

“ಎಲ್ಲಿಂದ ತಿಳಿವಲ್ದು?”

“ಮೊದಲಿಂದ.”

ಆಕೆ ನಗುತ್ತಾಳೆಂದು ಫರ್ಹತ ಹಲ್ಲು ಕಚ್ಚಿ ಕಾದಳು. ಆಕೆ ನಗಲಿಲ್ಲ. “ಪೆನ್ ತಗೋ,” ಎಂದಳು. ತಪ್ಪಿದಾಗಲೆಲ್ಲ “ಥೂ, ಇಷ್ಟೂ ಬರಂಗಿಲ್ಲೇನ?” ಎಂದು ಉಗಿಯುತ್ತ ಹೇಳಿಕೊಟ್ಟಳು. ಫರ್ಹತ ಕಿವಿ ಕೆಂಪಾಗಿಸಿಕೊಂಡು ಬರೆದಳು.

“ನಾಳಿ ಮತ್ತ ಮಾಡ್ಲೇನ?”

“ಮಾಡು. ದೋಸ್ತಿ ಅಂತ ಮಾತ್ರ ತಿಳ್ಕೋಬ್ಯಾಡ.”

ಪರೀಕ್ಷೆಯ ತನಕ ಆಕೆ ದಿನಾ ಬೈದಳು, ದಿನಾ ಕಲಿಸಿದಳು. ಫರ್ಹತ ಹೇಗೋ ಪಾಸಾದಳು. ಅದನ್ನು ಹೇಳಲು ಫೋನು ಮಾಡಿದಾಗ ಬಸವೇಶ್ವರಿ “ಹೂಂ” ಎಂದು ಇಟ್ಟುಬಿಟ್ಟಳು.